ಮಚಾಕೋಸ್‌ನ ಮರಳು ಒಡ್ಡಿನಲ್ಲಿ ನಾಲ್ಕು ವಾರ: ಒಂದು ಸ್ವಯಂಸೇವಾ ಕಾರ್ಯಕ್ರಮದ ವಿಮರ್ಶೆ

ಕಡೂರಿನ ಬಯಲುಸೀಮೆಯಲ್ಲಿ ಬೆಳೆದ ನನಗೆ ಒಣಗಿದ ಹೊಳೆಯಲ್ಲಿ ಒರತೆ ತೋಡಿ ಕೊಡ ತುಂಬಿಸುವುದು ಹೊಸ ದೃಶ್ಯವಲ್ಲ. ವೇದಾವತಿಯ ಪಾತ್ರದಲ್ಲಿ ಮರಳಿದ್ದ ಕಾಲದಲ್ಲಿ ನಮ್ಮ ಅಜ್ಜಿ ಹಾಗೆಯೇ ನೀರು ತರುತ್ತಿದ್ದರು. ಕೀನ್ಯಾದ ಮಚಾಕೋಸ್ ಸೀಮೆಯಲ್ಲಿ ಮರಳು ಒಡ್ಡು ಕಟ್ಟುವ ಹಳ್ಳಿಗರ ಜೊತೆ ದುಡಿಯಲು ಒಂದು ಸಂಸ್ಥೆ ಸ್ವಯಂಸೇವಕರನ್ನು ಕರೆದೊಯ್ಯುತ್ತದೆಂದು ತಿಳಿದಾಗ, ಉಳಿಸಿದ್ದ ಹಣದಲ್ಲಿ ಶುಲ್ಕ ಕಟ್ಟಿ ನಾಲ್ಕು ವಾರ ಇದ್ದು ಬಂದೆ. ಹೋಗಬಯಸುವ ನಮ್ಮ ಜಿಲ್ಲೆಯ ಕೆಲವರು ವಿಚಾರಿಸುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಒಡ್ಡಿನ ಕೆಲಸಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಮಳೆಗಾಲದಲ್ಲಷ್ಟೇ ಹರಿಯುವ ಹಳ್ಳಕ್ಕೆ ಅಡ್ಡಲಾಗಿ, ತಳದ ಬಂಡೆ ಸಿಗುವವರೆಗೆ ಅಗೆದು, ಅಲ್ಲಿಂದ ಕಲ್ಲು ಸಿಮೆಂಟಿನ ಗೋಡೆ ಎಬ್ಬಿಸುತ್ತಾರೆ. ಹಳ್ಳ ಹರಿದಾಗ ದಪ್ಪ ಮರಳು ಗೋಡೆಯ ಹಿಂದೆ ನಿಲ್ಲುತ್ತದೆ, ನಯವಾದ ಹೂಳು ಗೋಡೆಯ ಮೇಲಿಂದ ದಾಟಿಹೋಗುತ್ತದೆ. ಕೆಲವು ಮಳೆಗಾಲ ಕಳೆದು ಮರಳು ತುಂಬಿದ ಮೇಲೆ ಅದರ ಸಂದುಗಳಲ್ಲಿ ನಿಲ್ಲುವ ನೀರು ಒಟ್ಟು ಗಾತ್ರದ ಶೇ. 40ರವರೆಗೂ ಇರಬಹುದು. ಮರಳೇ ಹೊದಿಕೆಯಾಗುವುದರಿಂದ ನೀರು ಬಿಸಿಲಿಗೆ ಆವಿಯಾಗುವುದು ಕಡಿಮೆ, ಸೊಳ್ಳೆ ಮೊಟ್ಟೆಯಿಡಲು ತೆರೆದ ನೀರೂ ಇರುವುದಿಲ್ಲ. ಹೊಳೆಯ ಮರಳನ್ನು ಲಾರಿಗೆ ತುಂಬಿ ಕಳಿಸಿದ ನಾಡಿನವನಾದ ನಾನು, ಮರಳನ್ನು ಹಿಡಿದಿಡಲೆಂದೇ ಬಾಂಡ್ಲಿ ಹೊರುವ ಹೆಂಗಸರ ಸಾಲಿನಲ್ಲಿ ನಿಂತಾಗ ನನ್ನೊಳಗೆ ಆದ ಸಂಕಟವನ್ನು ಮರೆಯಲಾರೆ.

ಆ ಸೀಮೆಯ ಕಂಬಾ ಜನರು ಕೂಡಿ ದುಡಿಯುವ ಈ ಗುಂಪುಗಳಿಗೆ ಮ್ವೆಥ್ಯಾ ಎನ್ನುತ್ತಾರೆ. ನಮ್ಮ ಮುಯ್ಯಾಳಿಗೆ ಬಹಳ ಹತ್ತಿರದ ಪದ್ಧತಿ. ಯಾವ ದಿನ ಯಾರು ಕಲ್ಲು ಹೊರಬೇಕು, ಯಾರ ಹೊಲದಲ್ಲಿ ಬದು ಹಾಕಬೇಕು ಎಂಬುದನ್ನು ಗುಂಪೇ ನಿರ್ಧರಿಸುತ್ತದೆ, ಸ್ವಯಂಸೇವಕರು ಅದರಂತೆ ನಡೆಯಬೇಕು. ಇಳಿಜಾರಿನಲ್ಲಿ ಕಾಲುವೆ ತೋಡಿ ಮಣ್ಣನ್ನು ಮೇಲ್ಬದಿಗೆ ಎಸೆದು ಬದು ಕಟ್ಟುವ ಫಾನ್ಯಾ ಜೂ ವಿಧಾನವನ್ನು ನನಗೆ ಕಲಿಸಿದವರು ಆ ಗುಂಪಿನ ಹಿರಿಯ ರೈತ ಮಹಿಳೆಯರು. ಸ್ವಾಹಿಲಿಯಲ್ಲಿ ಆ ಹೆಸರಿನ ಅರ್ಥವೂ ಮೇಲಕ್ಕೆ ಹಾಕು ಎಂದೇ. ಬದುಗಳ ಅಂಚಿನಲ್ಲಿ ನಮ್ಮ ಕಾಫಿ ತೋಟಗಳ ಸಿಲ್ವರ್ ಓಕ್ ಕಂಡು ಮನಸ್ಸಿಗೆ ಹಿತವಾಯಿತು. ಎರಡೂ ಕಡೆಗೆ ಅದು ಆಸ್ಟ್ರೇಲಿಯಾದಿಂದ ಬಂದ ಮರ.

ಊಟ ವಸತಿ ಸರಳ, ಶುಚಿ. ಮೆಕ್ಕೆಜೋಳದ ಹಿಟ್ಟಿನ ಉಗಾಲಿಗೆ ಮುದ್ದೆ ಉಂಡವರು ಎರಡೇ ದಿನಕ್ಕೆ ಹೊಂದಿಕೊಳ್ಳುತ್ತಾರೆ.

ಸಸಿ ನೆಡುವ ಭಾಗ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್ 1977ರಲ್ಲಿ ಹಳ್ಳಿಯ ಮಹಿಳೆಯರಿಂದ ಸಸಿ ನೆಡಿಸುವ ಗ್ರೀನ್ ಬೆಲ್ಟ್ ಚಳವಳಿಯನ್ನು ಆರಂಭಿಸಿದ್ದು ಇದೇ ದೇಶದಲ್ಲಿ. ಆ ಚಳವಳಿಯ ಮಹಿಳೆಯರಿಗೆ ಬದುಕುಳಿದ ಸಸಿಗಳ ಲೆಕ್ಕದಲ್ಲಿ ಸಣ್ಣ ಮೊತ್ತ ಸಿಗುತ್ತಿತ್ತು. ಮಾಥಾಯ್ ಅವರಿಗೆ 2004ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಬಂದಿತು. ಈ ಸಂಸ್ಥೆಯಾದರೋ ನಾವು ನೆಟ್ಟ ಸಸಿಗಳ ಸಂಖ್ಯೆಯನ್ನು ಪ್ರಮಾಣಪತ್ರದಲ್ಲಿ ಮುದ್ರಿಸಿ ಕೊಟ್ಟಿತೇ ಹೊರತು, ಹಿಂದಿನ ತಂಡದವರು ನೆಟ್ಟವುಗಳಲ್ಲಿ ಎಷ್ಟು ಉಳಿದಿವೆ ಎಂದು ನಾನು ಕೇಳಿದಾಗ ಸರಿಯಾದ ಉತ್ತರ ಕೊಡಲಿಲ್ಲ. ನಮ್ಮ ಶುಲ್ಕದಲ್ಲಿ ಸಿಮೆಂಟಿಗೆ ಎಷ್ಟು, ಕಚೇರಿಗೆ ಎಷ್ಟು ಎಂಬ ವಿವರವೂ ಸಿಗಲಿಲ್ಲ. ಹಣ ಕಟ್ಟುವ ಮೊದಲೇ ಇವೆರಡನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಎರಡು ವಾರದ ಅವಧಿಯನ್ನು ಆರಿಸಬೇಡಿ. ಕೈಗೆ ಕೆಲಸ ಹತ್ತುವಷ್ಟರಲ್ಲಿ ಹೊರಡುವ ದಿನ ಬಂದಿರುತ್ತದೆ, ಕಲಿಸಿದವರ ಶ್ರಮ ದಂಡವಾಗುತ್ತದೆ. ಅಲ್ಲಿ ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ. ಒಡ್ಡು ಕಟ್ಟುವುದನ್ನು ನೋಡಬೇಕಾದರೆ ನಡುವಿನ ಒಣ ತಿಂಗಳುಗಳಲ್ಲಿ ಹೋಗಬೇಕು. 2024ರ ಜನವರಿಯಿಂದ ಕೀನ್ಯಾಕ್ಕೆ ವೀಸಾ ಬೇಕಿಲ್ಲ, ಆದರೆ ಆನ್‌ಲೈನಿನಲ್ಲಿ ಪ್ರಯಾಣದ ಅನುಮತಿ ಪಡೆಯಬೇಕು. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ. ಅದರ ಪ್ರಮಾಣಪತ್ರವಿಲ್ಲದೆ ಮರಳುವವರನ್ನು ಭಾರತದಲ್ಲಿ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ನಿಯಮವಿದೆ. ಮಕ್ಕಳಿಗೆ ಹಂಚಲು ಚಾಕೊಲೇಟು, ಪೆನ್ನುಗಳನ್ನು ಒಯ್ಯುವ ಬದಲು ಗುಂಪಿಗೆ ಏನು ಬೇಕೆಂದು ಅವರನ್ನೇ ಕೇಳಿ. ನಾನಿದ್ದಾಗ ಅವರು ಕೇಳಿದ್ದು ಗುದ್ದಲಿಗಳನ್ನು; ಮಚಾಕೋಸ್ ಪೇಟೆಯಲ್ಲೇ ಕೊಂಡು ಕೊಟ್ಟೆವು.