ಉಸಿರಾಟ ಅಳೆಯುವ ಕ್ಯಾಮೆರಾ: ಬೆಳಗಿನ ಹೊತ್ತು ಕಣ್ಣು ಮುಚ್ಚಿ ನಂಬಬೇಡಿ

ನಮ್ಮ ವಿಕಿರಣ ಚಿಕಿತ್ಸಾ ವಿಭಾಗದ ಸಿ.ಟಿ. ಕೋಣೆಯ ಚಾವಣಿಗೆ ಈ ಇನ್‌ಫ್ರಾರೆಡ್ ಕ್ಯಾಮೆರಾ ಹಾಕಿಸಿ ವರ್ಷಗಳೇ ಆದವು. ರೋಗಿಯ ಹೊಟ್ಟೆಯ ಮೇಲಿಟ್ಟ, ಹೊಳೆಯುವ ಚುಕ್ಕೆಗಳಿರುವ ಪುಟ್ಟ ಬ್ಲಾಕಿನ ಏರಿಳಿತವನ್ನು ಅದು ಗೆರೆಯಾಗಿ ತೋರಿಸುತ್ತದೆ. ಆ ಗೆರೆಯ ಆಧಾರದಲ್ಲಿ ಸ್ಕ್ಯಾನ್ ಚಿತ್ರಗಳನ್ನು ಉಸಿರಾಟದ ಹತ್ತು ಹಂತಗಳಿಗೆ ವಿಂಗಡಿಸುತ್ತೇವೆ. ಆ ಕೆಲಸದಲ್ಲಿ ಅದಕ್ಕೆ ಹೆಸರಿಡುವಂತಿಲ್ಲ. ನನ್ನ ತಕರಾರು ಬೆಳಗಿನ ಕ್ಯಾಲಿಬ್ರೇಷನ್, ಅಂದರೆ ಅದರ ಅಳತೆಯನ್ನು ಸರಿಹೊಂದಿಸುವ ಕೆಲಸದ ಬಗ್ಗೆ.

ರಾತ್ರಿ ಆರಿಸಿದ ಕ್ಯಾಮೆರಾ ಬೆಳಿಗ್ಗೆ ತಣ್ಣಗಿರುತ್ತದೆ. ಒಳಗಿನ ಬಿಸಿ ಒಂದು ಹದಕ್ಕೆ ಬರುವವರೆಗೆ ಅಳತೆ ಮೆಲ್ಲನೆ ಜಾರುತ್ತಲೇ ಇರುತ್ತದೆ. ಮಂಚದ ಮೇಲೆ ಅಲ್ಲಾಡದೆ ಕೂತ ಬ್ಲಾಕ್ ಕೂಡ ತೆರೆಯ ಮೇಲೆ ಕೆಳಗಿಳಿಯುತ್ತದೆ. ಆಗಲೇ ಕ್ಯಾಲಿಬ್ರೇಟ್ ಮಾಡಿದರೂ ಸಾಫ್ಟ್‌ವೇರ್ ತಡೆಯುವುದಿಲ್ಲ, ಎಚ್ಚರಿಸುವುದೂ ಇಲ್ಲ. ಇದು ನನಗೆ ಸಹಿಸಲಾಗದ ಉದಾಸೀನ. ಎಡ ಸ್ತನದ ಕ್ಯಾನ್ಸರ್ ಇರುವವರಿಗೆ ಉಸಿರು ಹಿಡಿಸಿ ಸ್ಕ್ಯಾನ್ ಮಾಡುತ್ತೇವೆ. ಶ್ವಾಸಕೋಶ ತುಂಬಿದಾಗ ಹೃದಯ ವಿಕಿರಣದ ದಾರಿಯಿಂದ ದೂರ ಸರಿಯುತ್ತದೆ. ಚಿಕಿತ್ಸೆಯ ದಿನವೂ ಅದೇ ಎತ್ತರಕ್ಕೆ ಉಸಿರು ನಿಲ್ಲಬೇಕು, ಹೆಚ್ಚುಕಡಿಮೆಗೆ ಸಿಗುವ ಅವಕಾಶ ಕೆಲವೇ ಮಿಲಿಮೀಟರ್. ಅದರಲ್ಲಿ ಒಂದೆರಡನ್ನು ಕ್ಯಾಮೆರಾವೇ ನುಂಗಿದರೆ ರೋಗಿ ಪಟ್ಟ ಶ್ರಮಕ್ಕೆ ಏನು ಬೆಲೆ?

ಹಾಗಾಗಿ ಬಂದ ಕೂಡಲೇ ಕ್ಯಾಮೆರಾ ಚಾಲೂ ಮಾಡಿ ಸಿ.ಟಿ.ಯ ತಪಾಸಣೆಗೆ ಹೋಗುತ್ತೇನೆ. ಅದು ಮುಗಿದ ಮೇಲೆ ಬ್ಲಾಕಿನ ಹೊಳೆಯುವ ಚುಕ್ಕೆಗಳನ್ನು ಮೆತ್ತನೆಯ ಒಣಬಟ್ಟೆಯಿಂದ ಒರೆಸುವುದು. ಬೆರಳಿನ ಜಿಡ್ಡು ತಾಗಿದರೆ ಅವು ಮಂಕಾಗುತ್ತವೆ. ಸ್ಟೀಲ್ ಟ್ರೇ ಹೊರಗೆ ಹೋಗಬೇಕು, ಅದರ ಹೊಳಪನ್ನೂ ಕ್ಯಾಮೆರಾ ಚುಕ್ಕೆಯೆಂದು ಹಿಡಿಯಬಹುದು. ಆಮೇಲೆ ಕ್ಯಾಲಿಬ್ರೇಷನ್ ಫಲಕವನ್ನು ಮಂಚದ ಮೇಲಿಟ್ಟು, ಅದರ ಗೀರುಗಳ ಮೇಲೆ ಲೇಸರ್ ಗೆರೆಗಳು ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂರುವವರೆಗೆ ಸರಿಸುತ್ತಾ ಹೋಗುವುದು. ದಿನದಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸ ಇದೇ. ಉಸಿರಾಟದಂತೆ ಚಲಿಸುವ ಫ್ಯಾಂಟಮ್ (ರೋಗಿಯ ಬದಲಿಗೆ ಇಟ್ಟು ಪರೀಕ್ಷಿಸುವ ಸಾಧನ) ಕೊಳ್ಳುವಷ್ಟು ಹಣ ನಮ್ಮ ವಿಭಾಗದಲ್ಲಿಲ್ಲ. ಬ್ಲಾಕನ್ನು ಸುಮ್ಮನೆ ಇಟ್ಟು ಗೆರೆ ಚಪ್ಪಟೆಯಾಗಿದೆಯೇ ಎಂದು ನೋಡುತ್ತೇವೆ. ಬಳಿಕ ಅದರಡಿ 10 ಮಿ.ಮೀ. ದಪ್ಪದ ಅಕ್ರಿಲಿಕ್ ಹಲಗೆ ಸೇರಿಸುತ್ತೇವೆ. ತೆರೆಯಲ್ಲೂ 10 ಬರಬೇಕು.

ಇಷ್ಟೆಲ್ಲ ಕಾಡಿದರೂ ಇದನ್ನು ಬಿಟ್ಟುಕೊಡಲಾರೆ. ರೋಗಿಗೆ ತನ್ನ ಉಸಿರಿನ ಗೆರೆಯನ್ನೇ ತೋರಿಸುವ ಪುಟ್ಟ ತೆರೆಯೊಂದು ಜೊತೆಗಿದೆ. “ಉಸಿರು ಎಳೆದುಕೊಳ್ಳಿ ಅಮ್ಮ, ಹಾಗೆಯೇ ಹಿಡಿಯಿರಿ” ಎಂದಾಗ ಗೆರೆ ಮೇಲೇರಿ, ತೆರೆಯ ಮೇಲೆ ಗುರಿಯಾಗಿ ಗುರುತಿಸಿದ ಪಟ್ಟಿಯೊಳಗೆ ನಿಲ್ಲುತ್ತದೆ. ಭಯದಿಂದ ಬಿಗಿದುಕೊಂಡು ಮಲಗಿದ್ದವರೂ ಮುಂದಿನ ಸಲ ನಾವು ಹೇಳುವ ಮೊದಲೇ ಸರಿಯಾಗಿ ಹಿಡಿದಿರುತ್ತಾರೆ.

ಹೊಸದಾಗಿ ಹಾಕಿಸುವವರು ತಯಾರಕರ ಒಪ್ಪಿಗೆ ಪಡೆದು, ಕ್ಯಾಮೆರಾದ ವಿದ್ಯುತ್ ಸಂಪರ್ಕವನ್ನು ಕೋಣೆಯ ಮುಖ್ಯ ಸ್ವಿಚ್‌ನಿಂದ ಬೇರ್ಪಡಿಸಿ ಯುಪಿಎಸ್‌ಗೆ ಕೊಡಿಸಿ, ರಾತ್ರಿಯೂ ಆರದಿರಲಿ. ನಮ್ಮಲ್ಲಿ ತಂತಿ ಚಾವಣಿಯೊಳಗೆ ಹೂತುಹೋಗಿದೆ. ಈಗ ಬದಲಿಸಬೇಕೆಂದರೆ ಕೋಣೆಯನ್ನೇ ಮುಚ್ಚಬೇಕು.