ತಂತಿಯೋ, ಹಗ್ಗವೋ? ಹಳೇ ಹಾಯಿದೋಣಿಗೆ ಕಟ್ಟಿ ನೋಡಿದ್ದು

ನಾನು ಶಿರಸಿ ಕಡೆಯವನು. ಹಗ್ಗ ಅಂದರೆ ನನಗೆ ಗೊತ್ತಿದ್ದದ್ದು ಅಡಿಕೆ ಕೊನೆ, ಅಂದರೆ ಗೊನೆ, ಇಳಿಸುವ ಹಗ್ಗ ಒಂದೇ. ಮರ ಹತ್ತಿದ ಕೊನೆಗೌಡ ಮೇಲಿಂದ ಬಿಟ್ಟ ಕೊನೆ ಸರ್ರನೆ ಜಾರಿ ಬರುತ್ತದೆ. ಕೆಳಗೆ ನಿಂತವನು ಹಗ್ಗ ಬಿಗಿಯಾಗಿ ಹಿಡಿದಿರಬೇಕು. ಸಡಿಲ ಬಿಟ್ಟರೆ ಕೊನೆ ನೆಲಕ್ಕೆ ಬಡಿದು ಕಾಯಿ ಉದುರುತ್ತದೆ, ಹಿಂದೆಯೇ ಬೈಗುಳವೂ ಉದುರುತ್ತದೆ. ಕಾರವಾರಕ್ಕೆ ಕೆಲಸಕ್ಕೆ ಬಂದು, ಗೋವಾದಿಂದ ಒಂದು ಹಳೇ ಹಾಯಿದೋಣಿ ತಂದ ಮೇಲೆ ಈ ಹಳೇ ಪಾಠವೇ ಮತ್ತೆ ಎದುರಾಯಿತು.

ದೋಣಿ ಎಂಟರ್‌ಪ್ರೈಸ್ ಜಾತಿಯದು. ಜ್ಯಾಕ್ ಹೋಲ್ಟ್ ಎಂಬ ಇಂಗ್ಲೆಂಡಿನವರು 1956ರಲ್ಲಿ ಮಾಡಿದ ವಿನ್ಯಾಸ. ಉದ್ದ 13 ಅಡಿ 3 ಇಂಚು, ಎರಡು ನೀಲಿ ಹಾಯಿ, ಇಬ್ಬರು ಕೂರಬಹುದು. ನನ್ನದರ ಫೈಬರ್ ಮೈ ಪರವಾಗಿರಲಿಲ್ಲ. ಆದರೆ ಕಂಬವನ್ನು ಎಡಬಲಕ್ಕೆ ಎಳೆದು ಹಿಡಿಯುವ ತಂತಿಗಳು, ಅಂದರೆ ಶ್ರೌಡ್‌ಗಳು, ಮುಟ್ಟಿದರೆ ಮುರಿಯುವಷ್ಟು ತುಕ್ಕು ಹಿಡಿದಿದ್ದವು. ಹಾಯಿ ಏರಿಸುವ ಹಗ್ಗ ಬಿಸಿಲಿಗೆ ಪುಡಿಪುಡಿ. ಕೋಡಿಬಾಗದ ದಡದಲ್ಲಿ ಬಲೆ ರಿಪೇರಿ ಮಾಡುತ್ತಿದ್ದ ಅಜ್ಜರೊಬ್ಬರು ಕಂಬ, ಹಾಯಿ ಎಲ್ಲ ನೋಡಿ ಕೇಳಿದ್ದು: "ಎಂತ ತಮಾ, ಗಾಳಿಪಟಕ್ಕೆ ದೋಣಿ ಕಟ್ಟಿದ್ಯಾ?"

ಮೊದಲು ಹಾಯಿ ಏರಿಸುವ ಹಗ್ಗದ ಕಥೆ. ಮೂರು ಬಗೆ ತಂದೆ. ಒಂದು, ಬೈತಕೋಲ ಬಂದರಿನ ಕಡೆ ಎಲ್ಲ ಅಂಗಡಿಯಲ್ಲೂ ಕೆಜಿ ಲೆಕ್ಕದಲ್ಲಿ ಸಿಗುವ ಡ್ಯಾನ್‌ಲೈನ್, ಅಂದರೆ ಪಾಲಿಪ್ರೊಪಿಲೀನ್ ಹಗ್ಗ. ಎರಡು, ನೈಲಾನ್. ಮೂರು, ಆನ್‌ಲೈನ್‌ನಲ್ಲಿ ತರಿಸಿದ ಹೆಣೆದ ಪಾಲಿಯೆಸ್ಟರ್. ಮೂರೂ 6 ಮಿ.ಮೀ. ದಪ್ಪ. ನೋಡೋಕೆ ಮೂರೂ ಗಟ್ಟಿಯೇ, ನನ್ನಂಥ ಎರಡು ಜನ ಜೋತುಬಿದ್ದರೂ ಕಡಿಯುವುದಿಲ್ಲ. ಹಾಗಾದರೆ ಅಗ್ಗದ್ದೇ ಸಾಕಲ್ವಾ?

ಸುಮ್ನೆ ಒಂದು ಪರೀಕ್ಷೆ ಮಾಡಿದೆ. ಮನೆಯ ಟೆರೇಸ್‌ನಿಂದ 5 ಮೀಟರ್ ಹಗ್ಗ ಇಳಿಬಿಟ್ಟು, ಅದರ ತುದಿಗೆ 20 ಲೀಟರಿನ ಎರಡು ನೀರಿನ ಕ್ಯಾನ್ ಕಟ್ಟಿದೆ. ಅಂದರೆ 40 ಕೆಜಿ. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡೆ. ನೈಲಾನ್ ಒಂದು ಗೇಣು ಹಿಗ್ಗಿತು. ಡ್ಯಾನ್‌ಲೈನ್ ಅರ್ಧ ಗೇಣು. ಪಾಲಿಯೆಸ್ಟರ್ ಎರಡು ಬೆರಳು, ಅಷ್ಟೇ. ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಇಣುಕಿ, ಬಾವಿಗೆ ಹೊಸ ರಾಟೆಯೋ ಅಂತ ಕೇಳಿದರು.

ಈ ಗೇಣು, ಬೆರಳಿನ ವ್ಯತ್ಯಾಸ ನೀರಿಗಿಳಿದಾಗ ಕಣ್ಣಿಗೆ ಕಾಣುತ್ತದೆ. ಕಾರವಾರದಲ್ಲಿ ಚಳಿಗಾಲದ ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ ಮೆಲ್ಲಗೆ ಬೀಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಶುರುವಾಗಿ ಜೋರಾಗುತ್ತದೆ. ಡ್ಯಾನ್‌ಲೈನ್ ಕಟ್ಟಿದ ದಿನ ಬೆಳಿಗ್ಗೆ ಹಾಯಿ ಚೆನ್ನಾಗಿ ನಿಂತಿತ್ತು. ಗಾಳಿ ಏರಿದ ಹಾಗೆ ಹಗ್ಗ ಹಿಗ್ಗಿ, ಹಾಯಿ ಕಂಬದ ಉದ್ದಕ್ಕೂ ನಿರಿಗೆ ನಿರಿಗೆಯಾಯಿತು. ಹಾಯಿಯ ಹೊಟ್ಟೆ ಹಿಂದಕ್ಕೆ ಸರಿಯಿತು, ದೋಣಿ ಮುಂದೆ ಹೋಗುವ ಬದಲು ಪಕ್ಕಕ್ಕೆ ವಾಲತೊಡಗಿತು. ಜೋರು ಗಾಳಿಗೆ ಹಾಯಿ ಚಪ್ಪಟೆಯಾಗಿರಬೇಕು. ಹಿಗ್ಗುವ ಹಗ್ಗ ಸರಿಯಾಗಿ ಅದೇ ಹೊತ್ತಿಗೆ ಕೈಕೊಡುತ್ತದೆ. ಜೊತೆಗೆ ಡ್ಯಾನ್‌ಲೈನ್ ನುಣುಪು, ಗಂಟು ತಾನಾಗಿಯೇ ಸಡಿಲವಾಗುತ್ತದೆ. ಬಿಸಿಲಿಗೆ ಮೇಲಿನ ಎಳೆಗಳು ಒರಟಾಗಿ ಅಂಗೈಗೆ ಚುಚ್ಚುತ್ತವೆ. ಪಾಲಿಯೆಸ್ಟರ್ ಹಾಕಿದ ಮೇಲೆ ಇದ್ಯಾವ ತಕರಾರೂ ಇಲ್ಲ.

ಹಾಗಂತ ಬಂದರಿನ ಹಗ್ಗ ಕೆಟ್ಟದ್ದಲ್ಲ. ಡ್ಯಾನ್‌ಲೈನ್ ನೀರಲ್ಲಿ ತೇಲುತ್ತದೆ, ಬಲೆ ಕೆಲಸಕ್ಕೆ ಅದು ಅನುಕೂಲ. ನೈಲಾನಿನ ಹಿಗ್ಗು ಲಂಗರಿಗೆ ವರ. ಅಲೆ ದೋಣಿಯನ್ನು ಎಳೆದಾಗ ಹಗ್ಗ ಆ ಜಗ್ಗನ್ನು ನುಂಗಿಕೊಳ್ಳುತ್ತದೆ. ನನ್ನ ಲಂಗರಿಗೆ ಈಗಲೂ ಅದೇ ನೈಲಾನ್ ಇದೆ, ಬದಲಿಸುವುದಿಲ್ಲ.

ನಿಜವಾದ ತಲೆನೋವು ಶ್ರೌಡ್‌ಗಳದ್ದು. ಅಲ್ಲೂ ಮೂರು ದಾರಿ ಹಿಡಿದೆ. ಮೂರೂ ಪಾಠ ಕಲಿಸಿದವು, ಒಂದು ಮಾತ್ರ ಸ್ವಲ್ಪ ಹೆಚ್ಚೇ ಕಲಿಸಿತು.

ಮೊದಲನೆಯದು ಹಾರ್ಡ್‌ವೇರ್ ಅಂಗಡಿಯ ಜಿಐ ವೈರ್ ರೋಪ್, ಅಂದರೆ ಸತು ಲೇಪಿಸಿದ ಉಕ್ಕಿನ ತಂತಿಹಗ್ಗ, 4 ಮಿ.ಮೀ. ಅಗ್ಗ, ಆ ಕ್ಷಣಕ್ಕೇ ಸಿಗುತ್ತದೆ. ಒಳಗೆ ನಾರಿನ ತಿರುಳು ಇರುತ್ತದೆ, ಅದರ ಸುತ್ತ ಸಣ್ಣ ತಂತಿಗಳ ಹುರಿ. ಭಾರ ಎತ್ತುವ ರಾಟೆಗೆ ಇದು ಸರಿ, ಯಾಕೆಂದರೆ ಚೆನ್ನಾಗಿ ಬಾಗುತ್ತದೆ. ಕಂಬ ಹಿಡಿಯಲು ಬಾಗುವ ಗುಣ ಬೇಕಿಲ್ಲ, ಬಿಗಿ ಬೇಕು. ತಿರುಳು ಅಮುಕಿದ ಹಾಗೆ ತಂತಿ ಸಡಿಲವಾಗುತ್ತ ಹೋಯಿತು. ನಾನು ಬಿಗಿ ಮಾಡುತ್ತಲೇ ಇದ್ದೆ.

ತಂತಿಯ ತುದಿ ಮಡಚಿ ಕಟ್ಟಲು ಬುಲ್‌ಡಾಗ್ ಕ್ಲಿಪ್ ಹಾಕಿದ್ದೆ, ಅದೂ ಒಂದೊಂದೇ. ಅದರಲ್ಲೂ ತಿರುಗಾಮುರುಗಾ. ಕ್ಲಿಪ್ಪಿನ ಅಗಲವಾದ ಹಲ್ಲಿನ ಭಾಗ ಭಾರ ಹೊರುವ ಉದ್ದ ತಂತಿಯ ಮೇಲೆ ಕೂರಬೇಕು, ಯು ಆಕಾರದ ಬೋಲ್ಟು ಮಡಚಿದ ಚಿಕ್ಕ ತುದಿಯ ಮೇಲೆ. ನಾನು ಉಲ್ಟಾ ಕೂರಿಸಿದ್ದೆ. ಒಂದು ಮಧ್ಯಾಹ್ನ ಸದಾಶಿವಗಡದ ಕಡೆಯಿಂದ ವಾಪಸು ಬರುವಾಗ, ಕಾಳಿ ನದಿಯ ನಡುವೆ, ಗಾಳಿ ಬರುವ ಬದಿಯ ಶ್ರೌಡಿನಿಂದ 'ಕಿರ್' ಅಂತ ಸಣ್ಣ ಸದ್ದು. ನೋಡಿದರೆ ತಂತಿ ಕ್ಲಿಪ್ಪಿನೊಳಗೆ ಅರ್ಧ ಇಂಚು ಜಾರಿ, ಅಷ್ಟು ಜಾಗ ಮಾತ್ರ ಹೊಳೆಯುತ್ತಿತ್ತು. ಮತ್ತೊಂದು 'ಕಿರ್'. ಕಂಬದ ತುದಿ ಎದುರು ಬದಿಗೆ ವಾಲಿತು. ನನ್ನ ಕೈ ಚುಕ್ಕಾಣಿಯ ಮೇಲೆ ಹೆಪ್ಪುಗಟ್ಟಿತ್ತು. ಹತ್ತಿರದಲ್ಲಿ ಪಾತಿ ದೋಣಿಯಲ್ಲಿದ್ದವರೊಬ್ಬರು "ತಿರುಗ್ಸಾ ತಮಾ, ತಿರುಗ್ಸು!" ಅಂತ ಕೂಗಿದರು. ತಿರುಗಿಸಿದೆ. ಗಾಳಿ ಇನ್ನೊಂದು ಬದಿಗೆ ಬಂತು, ಭಾರವೆಲ್ಲ ಆ ಬದಿಯ ತಂತಿಗೆ ಹೋಯಿತು, ಜಾರಿದ ತಂತಿ ಸುಮ್ಮನೆ ನೇತಾಡಿತು. ಹಾಯಿ ಇಳಿಸಿ, ಅವರ ದೋಣಿಗೆ ಕಟ್ಟಿಕೊಂಡು ದಡ ಸೇರಿದೆ. ಎಳೆದದ್ದು ಡ್ಯಾನ್‌ಲೈನ್ ಹಗ್ಗದಲ್ಲೇ, ಅದೂ ಹೇಳಬೇಕು.

ಎರಡನೆಯದು ಸ್ಟೇನ್‌ಲೆಸ್ ಸ್ಟೀಲ್. ಇಲ್ಲಿ ಎರಡು ಪ್ರಶ್ನೆ ಕೇಳಿಯೇ ದುಡ್ಡು ಕೊಡಿ. ಯಾವ ಗ್ರೇಡು, ಎಷ್ಟು ಎಳೆ? ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು 304. ನಮ್ಮ ಉಪ್ಪುಗಾಳಿಗೆ ಅದರ ಮೇಲೆ ಒಂದೇ ತಿಂಗಳಲ್ಲಿ ಚಹಾ ಚೆಲ್ಲಿದಂಥ ಕಂದು ಕಲೆ ಬಂದವು. 316ರಲ್ಲಿ ಮಾಲಿಬ್ಡಿನಮ್ ಸೇರಿರುತ್ತದೆ, ಉಪ್ಪಿಗೆ ಹೆಚ್ಚು ತಡೆಯುತ್ತದೆ. ಎಳೆ ಅಂದರೆ 1x19 ಬೇಕು: 19 ದಪ್ಪ ತಂತಿ ಒಂದೇ ಹುರಿಯಾಗಿ ಸುತ್ತಿದ್ದು. ಬಗ್ಗುವುದು ಕಡಿಮೆ, ಹಿಗ್ಗುವುದು ಇನ್ನೂ ಕಡಿಮೆ. 3 ಮಿ.ಮೀ. ದಪ್ಪದ್ದೇ ಸುಮಾರು 700 ಕೆಜಿ ತಾಳುತ್ತದೆ, ನನ್ನ ದೋಣಿಗೆ ಧಾರಾಳ. ಒಂದೇ ಕಷ್ಟ, ತುದಿಗೆ ಲೋಹದ ಕೊಂಡಿ ಕೂರಿಸಿ ಪ್ರೆಸ್ ಮಾಡುವ ಮಷೀನ್ ಬೇಕು. ಕಾರವಾರದಲ್ಲಿ ನನಗೆ ಸಿಗಲಿಲ್ಲ, ಅಳತೆ ಕೊಟ್ಟು ಮುಂಬೈಯಿಂದ ಮಾಡಿಸಿ ತರಿಸಿದೆ. ಒಂದು ಬೆರಳು ಉದ್ದ ಜಾಸ್ತಿ ಬಂತು. ಅಳತೆ ಕೊಟ್ಟವನು ನಾನೇ, ಯಾರನ್ನು ಬೈಯಲಿ?

ಮೂರನೆಯದು ಡೈನೀಮಾ. ಗಾಳ ಹಾಕುವವರು ಬಳಸುವ ಬ್ರೇಡ್ ದಾರ ಇದೆಯಲ್ಲ, ಅದೇ ಜಾತಿಯ ನೂಲು, ಹಗ್ಗದ ದಪ್ಪದಲ್ಲಿ. 4 ಮಿ.ಮೀ. ಹಗ್ಗ ನನ್ನ ಸ್ಟೀಲ್ ತಂತಿಗಿಂತ ಗಟ್ಟಿ, ತೂಕ ಲೆಕ್ಕಕ್ಕೇ ಇಲ್ಲ, ತುಕ್ಕಿನ ಮಾತೇ ಇಲ್ಲ. ಆದರೆ ಮೇಣ ಸವರಿದಂಥ ನುಣುಪು, ಗಂಟು ನಿಲ್ಲುವುದಿಲ್ಲ. ನಿಂತರೂ ಅರ್ಧಕ್ಕರ್ಧ ಬಲ ಗಂಟಿನಲ್ಲೇ ಹೋಗುತ್ತದೆ. ಹಗ್ಗದ ತುದಿಯನ್ನು ಹಗ್ಗದ ಹೊಟ್ಟೆಯೊಳಗೇ ತೂರಿಸಬೇಕು, ದಪ್ಪದ 72 ಪಟ್ಟು ಉದ್ದ. 4 ಮಿ.ಮೀ.ಗೆ ಸುಮಾರು 29 ಸೆಂ.ಮೀ. ತೂರಿಸುವ ತುದಿಯನ್ನು ಇಲಿಬಾಲದ ಹಾಗೆ ಸಣ್ಣ ಮಾಡುತ್ತ ಹೋಗಬೇಕು. ಸೂಜಿ ಅಂತ ನಾನು ಬಳಸಿದ್ದು ಮಡಚಿದ ಕಬ್ಬಿಣದ ತಂತಿ. ಮೊದಲ ತುದಿಗೆ ಇಡೀ ಸಂಜೆ ಹಿಡಿಯಿತು, ನಾಲ್ಕನೆಯದಕ್ಕೆ ಹತ್ತು ನಿಮಿಷ. ಮಷೀನ್ ಬೇಡ, ಮುಂಬೈ ಬೇಡ, ಉದ್ದ ತಪ್ಪಿದರೆ ಬಿಚ್ಚಿ ಮತ್ತೆ ಮಾಡಬಹುದು. ಹೊಸಬನಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೇನಿದೆ?

ದೋಷ ಎರಡು. ಎಳೆತದಲ್ಲೇ ಇಟ್ಟರೆ ನಿಧಾನಕ್ಕೆ ಉದ್ದವಾಗುತ್ತದೆ. ಮೊದಲ ತಿಂಗಳಲ್ಲಿ ಮೂರು ಸಲ ಬಿಗಿ ಮಾಡಿದೆ. ಇನ್ನೊಂದು, ಚೂಪು ಅಂಚು ಕಂಡರೆ ಆಗದು. ಕಂಬಕ್ಕೆ ಹೊಡೆದ ಸ್ಟೀಲ್ ಪಟ್ಟಿಯ ತೂತು ಎಳೆಗಳನ್ನು ಉಗುರಿನ ಹಾಗೆ ಕೀಳುತ್ತಿತ್ತು. ಅರ ಹಾಕಿ ಉಜ್ಜಿ, ಹಗ್ಗದ ಕುಣಿಕೆಯೊಳಗೆ ಥಿಂಬಲ್ ಎಂಬ ಗಟ್ಟಿ ಬಳೆ ಕೂರಿಸಿದ ಮೇಲೆ ಸುಮ್ಮನಾಯಿತು.

ಈಗ ನನ್ನ ದೋಣಿಯಲ್ಲಿ ಎರಡು ಬದಿಗೆ ಡೈನೀಮಾ, ಕಂಬವನ್ನು ಮುಂದಕ್ಕೆ ಎಳೆದು ಹಿಡಿಯುವುದಕ್ಕೆ 316 ಸ್ಟೀಲ್. ಅದಕ್ಕೆ ಮುಂದಿನ ಹಾಯಿಯ ಕೊಂಡಿಗಳು ಉಜ್ಜುತ್ತವೆ, ಅಲ್ಲಿ ಸ್ಟೀಲೇ ವಾಸಿ.

ಫೈಬರ್ ಬಿರುಕಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಂದರಿನ ದೋಣಿ ಕೆಲಸದವರು ಬಳಸುವ ಪಾಲಿಯೆಸ್ಟರ್ ರೆಸಿನ್ ಎಂಬ ಅಂಟು ಮತ್ತು ಮ್ಯಾಟ್, ಅಂದರೆ ಗಾಜಿನ ನಾರಿನ ಚಾಪೆ, ಅಗ್ಗ, ಬೇಗ ಒಣಗುತ್ತದೆ. ಹಳೇ ಮೈಗೆ ಗಟ್ಟಿಯಾಗಿ ಅಂಟುವುದು ಎಪಾಕ್ಸಿ, ಆದರೆ ಅದಕ್ಕೆ ಮ್ಯಾಟ್ ಅಲ್ಲ, ನೇಯ್ದ ಗ್ಲಾಸ್ ಬಟ್ಟೆ ಬೇಕು. ಪಾಲಿಯೆಸ್ಟರ್ ರೆಸಿನ್ ಬಳಸುವವರು ಅದನ್ನು ಬೇಗ ಗಟ್ಟಿಯಾಗಿಸುವ ಕೋಬಾಲ್ಟನ್ನೂ ಹಾರ್ಡನರನ್ನೂ ನೇರವಾಗಿ ಒಟ್ಟಿಗೆ ಬೆರೆಸಬೇಡಿ, ಸಿಡಿಯುತ್ತದೆ. ಒಂದನ್ನು ರೆಸಿನ್‌ಗೆ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು.

ಹಾಯಿ ಹರಿದದ್ದನ್ನು ರಿಕ್ಷಾ ಸೀಟು ಹೊಲಿಯುವವರ ಹತ್ತಿರ ಹೊಲಿಸಿದೆ. ಟಾರ್ಪಾಲಿನ್ ಹಾಯಿಯನ್ನೂ ಒಮ್ಮೆ ಹಾಕಿ ನೋಡಿದೆ. ಗಾಳಿಯ ಜೊತೆ ಹೋಗುವಾಗ ಓಡುತ್ತದೆ, ಎದುರು ಗಾಳಿಗೆ ಮನೆಗೆ ಬರುವುದಿಲ್ಲ. ಹುಟ್ಟು ಹಾಕಿಕೊಂಡು ಬಂದೆ.

ಜೂನ್ ಬಂತೆಂದರೆ ದೋಣಿ ಮಗುಚಿ, ಹಗ್ಗಗಳನ್ನೆಲ್ಲ ಸಿಹಿನೀರಲ್ಲಿ ತೊಳೆದು ಒಳಗಿಡುತ್ತೇನೆ. ಸ್ಟೀಲ್ ತಂತಿಯ ಮೇಲೆ ಮಾತ್ರ ಒಂದು ಹಿಡಿ ಹತ್ತಿ ಹಿಡಿದು ಈ ತುದಿಯಿಂದ ಆ ತುದಿಗೆ ಎಳೆಯುತ್ತೇನೆ. ಎಲ್ಲಾದರೂ ಒಂದು ಎಳೆ ಕಡಿದಿದ್ದರೆ ಹತ್ತಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಳೆದ ಸಲ ಪ್ರೆಸ್ ಮಾಡಿದ ತುದಿಯ ಹತ್ತಿರ ಒಂದು ಚೂರು ಸಿಕ್ಕಿಕೊಂಡಿತ್ತು. ಮತ್ತೆ ಅಳತೆ ತೆಗೆದಿದ್ದೇನೆ, ಈ ಸಲ ಎರಡು ಸರ್ತಿ.