ಬೆದರುವ ಕುದುರೆಗೆ ‘ಸೌಂಡ್‌ಪ್ರೂಫ್’ ಕಿವಿಟೋಪಿ: ಕೊಳ್ಳುವ ಮುಂಚೆ

ಕುದುರೆಯ ಕಿವಿಟೋಪಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಹೆಣೆದ ಹತ್ತಿಯದ್ದು ನೊಣ ತಡೆಯುತ್ತದೆ, ಅಷ್ಟೇ. ಲೈಕ್ರಾ ಕಿವಿಯ ಒಳಗೆ ನಿಯೋಪ್ರಿನ್ (ರಬ್ಬರಿನಂಥ ಬಟ್ಟೆ) ಅಥವಾ ತೆಳು ಫೋಮಿನ ಅಸ್ತರು ಕೊಟ್ಟದ್ದು ‘ಸೌಂಡ್‌ಪ್ರೂಫ್’ ಎಂಬ ಹೆಸರಿನಲ್ಲಿ ಹಲವು ಪಟ್ಟು ಬೆಲೆಗೆ ಮಾರಾಟವಾಗುತ್ತದೆ. ಸವಾರಿಯಲ್ಲಿ ಬೆದರುವ ಕುದುರೆಗೆ ಇದೇ ಮದ್ದು ಎಂದು ಅಂಗಡಿಯವರು ತೋರಿಸುವುದು ಈ ಎರಡನೆಯದನ್ನು. ಸದ್ದಿಗೆ ಬೆದರುವ ಕುದುರೆಗೆ ಇದು ಅರ್ಧ ಮದ್ದು. ಕಣ್ಣಿಗೆ ಬಿದ್ದದ್ದಕ್ಕೆ ಬೆದರುವ ಕುದುರೆಗೆ ದಂಡ.

ಅರ್ಧ ಏಕೆಂದರೆ, ಕುದುರೆಗೆ ಸುಮಾರು 55 ಹರ್ಟ್ಸ್‌ನಿಂದ 33 ಕಿಲೋಹರ್ಟ್ಸ್‌ವರೆಗೆ ಕೇಳಿಸುತ್ತದೆ; ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೇ ನಿಂತುಬಿಡುತ್ತದೆ. ಬೇಲಿಗೆ ಸಿಕ್ಕ ಪ್ಲಾಸ್ಟಿಕ್ ಚೀಲದ ಪರಪರ ಸದ್ದಿನಲ್ಲಿ ಹೆಚ್ಚಿನ ಹರ್ಟ್ಸ್‌ನ ತರಂಗಗಳೇ ಜಾಸ್ತಿ. ಸವಾರನ ಗಮನಕ್ಕೂ ಬಾರದ ಆ ಸದ್ದಿಗೆ ಕುದುರೆ ಪಕ್ಕಕ್ಕೆ ಹಾರುತ್ತದೆ. ಇನ್ನೊಂದು ತೊಡಕು, ಸದ್ದು ಯಾವ ದಿಕ್ಕಿನದೆಂದು ಗುರುತಿಸುವುದರಲ್ಲಿ ಕುದುರೆ ಅಷ್ಟೇನೂ ಚುರುಕಲ್ಲ. ಮನುಷ್ಯ ಒಂದೆರಡು ಡಿಗ್ರಿಯೊಳಗೆ ಹೇಳಬಲ್ಲ, ಕುದುರೆಗೆ 25 ಡಿಗ್ರಿಯಷ್ಟು ಅಂತರ ಬೇಕು. ಎಲ್ಲಿಂದ ಬಂತೆಂದು ತಿಳಿಯದ ಸದ್ದಿಗೆ ಮೊದಲು ಓಡು, ಆಮೇಲೆ ನೋಡು ಎನ್ನುವುದೇ ಅದರ ಲೆಕ್ಕ.

ಕೆಲವೇ ಮಿಲಿಮೀಟರ್ ಫೋಮ್ ಈ ಪರಪರ, ಸೀಟಿ, ಡ್ರೋನಿನ ಕೀರಲನ್ನು ಮಂದ ಮಾಡುತ್ತದೆ. ಡೊಳ್ಳು, ಜೆಸಿಬಿ, ಗುಡುಗಿನಂಥ ತಗ್ಗಿನ ಸದ್ದನ್ನು ತಡೆಯುವುದು ಅದರಿಂದಾಗದು. ಗಣೇಶನ ಮೆರವಣಿಗೆಗೆ ಹೆದರುವ ಕುದುರೆಗೆ ಇದನ್ನು ತೊಡಿಸಿ ರಸ್ತೆಗಿಳಿಯುವ ಯೋಚನೆ ಬೇಡ. ಮೈಸೂರಿನಲ್ಲಿ ಜಂಬೂಸವಾರಿಯ 21 ಕುಶಾಲತೋಪಿಗೆ ಆನೆಗಳ ಜೊತೆ ಕುದುರೆಗಳನ್ನೂ ನಿಲ್ಲಿಸಿ ಮೊದಲೇ ಫಿರಂಗಿ ತಾಲೀಮು ಮಾಡಿಸುವುದು ಸುಮ್ಮನೆ ಅಲ್ಲ. ದೊಡ್ಡ ಸದ್ದಿಗೆ ಅಭ್ಯಾಸವೊಂದೇ ದಾರಿ.

ಅಳತೆಯಲ್ಲಿ ಎಡವುವವರೇ ಹೆಚ್ಚು. ಪೋನಿ (ಚಿಕ್ಕದು), ಕಾಬ್ (ಮಧ್ಯಮ), ಫುಲ್ (ದೊಡ್ಡದು) ಎಂಬ ಮೂರು ಸೈಜುಗಳು ಸಿಗುತ್ತವೆ. ರೇಸ್ ಬಿಟ್ಟು ಬಂದ ಥರೋಬ್ರೆಡ್‌ಗೆ ಸಾಮಾನ್ಯವಾಗಿ ಫುಲ್, ಸಣ್ಣ ತಲೆಯದಾದರೆ ಕಾಬ್. ಮಾರ್ವಾಡಿ, ಕಾಠಿಯಾವಾಡಿ ಕುದುರೆಗಳ ಕಥೆಯೇ ಬೇರೆ. ಅವುಗಳ ಕಿವಿಯ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತದೆ. ನೇರ ಕಿವಿಗೆಂದು ಹೊಲಿದ ಚೀಲದಲ್ಲಿ ಆ ತುದಿ ಮಡಚಿಕೊಂಡು ಒತ್ತುತ್ತದೆ, ಕುದುರೆ ತಲೆ ಕೊಡವುತ್ತಲೇ ಇರುತ್ತದೆ. ಬೆದರು ಹೆಚ್ಚಿತು ಎಂದು ಸವಾರ ಲಗಾಮು ಬಿಗಿಯುತ್ತಾನೆ, ತಪ್ಪೆಲ್ಲ ಟೋಪಿಯದ್ದು. ಈ ತಳಿಗಳಿಗೆ ಕಿವಿಯ ಭಾಗ ಪೂರ್ತಿ ಹಿಗ್ಗುವ, ಅಸ್ತರಿಲ್ಲದ ಲೈಕ್ರಾ ಮಾತ್ರ. ಅಸ್ತರಿನದ್ದೇ ಬೇಕೆಂದರೆ ಅಳತೆ ಕೊಟ್ಟು ಹೊಲಿಸಿ. ಕಾನ್ಪುರದ ಜೀನು ಕಾರ್ಖಾನೆಗಳಲ್ಲಿ ಕೇಳಿ ನೋಡಬಹುದು.

ಟೋಪಿ ಬ್ರೈಡಲ್‌ನ (ಲಗಾಮು ಕಟ್ಟುವ ತಲೆಪಟ್ಟಿಗಳ) ಅಡಿಗೆ ಬರುವುದರಿಂದ ಬ್ರೌಬ್ಯಾಂಡ್, ಅಂದರೆ ಹಣೆಪಟ್ಟಿ, ಬಿಗಿಯಾಗುತ್ತದೆ. ಹಾಕಿದ ಮೇಲೆ ಬ್ರೌಬ್ಯಾಂಡ್ ಮತ್ತು ಹಣೆಯ ನಡುವೆ ಒಂದು ಬೆರಳು ಸಲೀಸಾಗಿ ಓಡಬೇಕು. ಕಿವಿಯ ಬುಡದ ಹಿಂದೆಯೂ ಬೆರಳಾಡಿಸಿ. ದಪ್ಪ ಹೊಲಿಗೆ ಅಲ್ಲಿ ಹೆಡ್‌ಪೀಸ್ (ಕಿವಿಯ ಹಿಂದೆ ಹಾಯುವ ಪಟ್ಟಿ) ಅಡಿಗೆ ಸಿಕ್ಕಿಕೊಂಡಿದ್ದರೆ ಅರ್ಧ ಗಂಟೆಯಲ್ಲಿ ಉಜ್ಜಿ ಕೆಂಪಾಗುತ್ತದೆ. ಹಣೆಯ ಮೇಲೆ ಬರುವ ಟೋಪಿಯ ತ್ರಿಕೋನ ಭಾಗ ಕಣ್ಣಿನತ್ತ ಜಾರಬಾರದು.

ಮೊದಲ ದಿನವೇ ಟೋಪಿ ಹಾಕಿ ಹತ್ತಬೇಡಿ. ಲಾಯದಲ್ಲೇ ಎರಡು ಮೂರು ದಿನ ಒಂದು ಟವೆಲ್ಲಿನಿಂದ ಕಿವಿ ಸವರಿ, ಆಮೇಲೆ ಟೋಪಿ ಹಾಕಿ ಹತ್ತು ನಿಮಿಷ ಕೈಹಿಡಿದು ನಡೆಸಿ, ಮರುದಿನ ಲಂಜ್ ಹಗ್ಗದ (ಸುತ್ತು ಓಡಿಸುವ ಉದ್ದ ಹಗ್ಗ) ಮೇಲೆ, ನಂತರ ಜೀನು. ಐದು ನಿಮಿಷ ಕಳೆದರೂ ತಲೆ ಕೊಡವುತ್ತಿದ್ದರೆ ಬಿಚ್ಚಿ ಅಳತೆ ನೋಡಿ. ಉಪಯೋಗವಿದೆಯೇ ಎಂದು ತಿಳಿಯಲು ಲಾಯದ ಆಳು (ಸೈಸ್) ಒಬ್ಬನನ್ನು ಹತ್ತು ಹೆಜ್ಜೆ ದೂರ, ಕುದುರೆಗೆ ಕಾಣುವಂತೆ ನಿಲ್ಲಿಸಿ ಪ್ಲಾಸ್ಟಿಕ್ ಚೀಲ ಕಿವುಚಿಸಿ; ಟೋಪಿ ಇಲ್ಲದೆ ಒಮ್ಮೆ, ಇನ್ನೊಂದು ದಿನ ಟೋಪಿ ಹಾಕಿ. ವ್ಯತ್ಯಾಸ ಕಾಣದಿದ್ದರೆ ವಾಪಸ್ ಮಾಡಿ.

ಬೇಸಿಗೆಯಲ್ಲಿ ಅಸ್ತರಿನ ಟೋಪಿಯೊಳಗೆ ಬೆವರು ನಿಲ್ಲುತ್ತದೆ. ಪ್ರತಿ ಸವಾರಿಯ ನಂತರ ಒಳಮೈ ಹೊರಗೆ ಮಾಡಿ ತೊಳೆದು ನೆರಳಲ್ಲಿ ಒಣಗಿಸಿ, ಕಿವಿಯೊಳಗೆ ಉಣ್ಣೆಹುಳು ಇದೆಯೇ ನೋಡಿ. ಎಷ್ಟೋ ಬಾರಿ ಕಿವಿ ಮುಟ್ಟಗೊಡದ ಕುದುರೆಯ ಸಮಸ್ಯೆ ಈ ಹುಳುವೇ. ಡ್ರೆಸಾಜ್ (ಕುದುರೆಯ ನಡಿಗೆ, ವಿಧೇಯತೆಯ ಸ್ಪರ್ಧೆ) ಗೆ ಹೋಗುವವರಿಗೆ: ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟದ (ಎಫ್‌ಇಐ) ನಿಯಮದಲ್ಲಿ ಸದ್ದು ತಗ್ಗಿಸುವ ಟೋಪಿಗೆ ಅಡ್ಡಿಯಿಲ್ಲ, ಆದರೆ ಕಿವಿ ಆಡಬೇಕು, ಕಣ್ಣು ಮುಚ್ಚಬಾರದು, ಒಳಗೆ ಹತ್ತಿ ಉಂಡೆ ತುರುಕುವಂತಿಲ್ಲ.

ಟೋಪಿಯ ದೊಡ್ಡ ದೋಷವನ್ನು ಮಾರುವವರು ಹೇಳುವುದಿಲ್ಲ. ಹಿಂದಿನಿಂದ ಬರುವ ಸೈಕಲ್ಲಿನ ಸುಳಿವು ಕುದುರೆಗೆ ತಡವಾಗಿ ಸಿಗುತ್ತದೆ, ಅದು ಏಕಾಏಕಿ ಕಣ್ಣಂಚಿಗೆ ಬಂದಾಗ ಬೆದರು ದುಪ್ಪಟ್ಟು. ಅಖಾಡದೊಳಗೆ ಸರಿ, ರಸ್ತೆಗೆ ಬೇಡ. ನಿನ್ನೆವರೆಗೆ ಸುಮ್ಮನಿದ್ದ ಕುದುರೆ ಇದ್ದಕ್ಕಿದ್ದಂತೆ ಬೆದರಲು ಶುರುಮಾಡಿದ್ದರೆ ಕೊಳ್ಳುವುದೇ ಬೇಡ. ಕಣ್ಣು, ಬೆನ್ನು, ಜೀನಿನ ಅಳತೆ, ಕೆಲಸಕ್ಕೆ ಮೀರಿದ ಓಟ್ಸ್, ಇಷ್ಟನ್ನು ಪಶುವೈದ್ಯರ ಜೊತೆ ಕೂತು ನೋಡಿ.

ಬೆದರಿದ ಗಳಿಗೆಯಲ್ಲಿ ಟೋಪಿ ಸವಾರನನ್ನು ಹಿಡಿಯುವುದಿಲ್ಲ. ಮೊಣಕಾಲು ಬಿಗಿದರೆ ಕೂತವರು ಜೀನಿನಿಂದ ಮೇಲೇಳುತ್ತಾರೆ, ಅಲ್ಲೇ ಬೀಳುವುದು. ಹಿಮ್ಮಡಿ ಕೆಳಗೆ, ಉಸಿರು ಹೊರಗೆ, ಎರಡೂ ಲಗಾಮು ಒಟ್ಟಿಗೆ ಎಳೆಯದೆ ಕುದುರೆಯ ಮೂಗನ್ನು ಬೆದರಿಸಿದ ವಸ್ತುವಿನ ವಿರುದ್ಧ ದಿಕ್ಕಿಗೆ ಸ್ವಲ್ಪ ತಿರುಗಿಸಿ. ವಸ್ತು ಬಲಕ್ಕಿದ್ದರೆ ಮೂಗು ಎಡಕ್ಕೆ, ಎಡಗಾಲಿನ ಒತ್ತು. ಎಡಕ್ಕೆ ಹಾರುವ ದಾರಿ ಅಲ್ಲಿಗೆ ಮುಚ್ಚಿತು. ಟಾರು ರಸ್ತೆಯಲ್ಲಿ ಮಾತ್ರ ಚಿಕ್ಕ ಸುತ್ತು ಹೊಡೆಸಬೇಡಿ, ಲಾಳ ಜಾರುತ್ತದೆ.

ಈ ಟೋಪಿಗೆ ಕೊಡುವ ದುಡ್ಡಿನಲ್ಲಿ ಮೊದಲು ಕುತ್ತಿಗೆ ಪಟ್ಟಿ ಮಾಡಿಸಿಕೊಳ್ಳಿ. ಹಳೆಯ ರಿಕಾಪಿನ ಚರ್ಮದ ಪಟ್ಟಿಯೇ ಸಾಕು, ಚಮ್ಮಾರರಲ್ಲಿ ಎರಡು ತೂತು ಹೆಚ್ಚಿಗೆ ಹಾಕಿಸಿದರಾಯಿತು. ಕುತ್ತಿಗೆಯ ಬುಡದಲ್ಲಿ, ವಿದರ್ಸ್‌ನಿಂದ (ಹೆಗಲ ನಡುವಿನ ಉಬ್ಬು) ಒಂದು ಅಂಗೈ ಮುಂದೆ, ನಾಲ್ಕು ಬೆರಳು ತೂರುವಷ್ಟು ಸಡಿಲವಾಗಿ ಕಟ್ಟಿ, ಬಕ್ಕಲ್ ಪಕ್ಕಕ್ಕಿರಲಿ. ಕುದುರೆ ಹಾರಿದಾಗ ಬೆರಳು ಅದಕ್ಕೆ ಸಿಕ್ಕಿಸಿದರೆ ಬಾಯಿಗೆ ಜಗ್ಗು ಬೀಳುವುದಿಲ್ಲ.